ಎಂಟನೇ ಸಾಲು, ಮೂರನೇ ಕಾಲಂ

ಮೊದಲು ಖಾಲಿ ಟೇಬಲ್ ಕಟ್ಟಿದೆ.
ಸಾಲು ಎಷ್ಟು? ಕೇಳಿದೆ. ಸೊನ್ನೆ ಅಂದಿತು.
ಹಸಿರು.
ಇಷ್ಟಕ್ಕೂ ಒಂದು ಪರೀಕ್ಷೆ ಬೇಕಾ ಅಂತ
ಬಾಗಿಲಲ್ಲಿ ನಿಂತ ಬೆಳ್ಯಪ್ಪ ರೈಟರು ನಕ್ಕರು,
ಕೈಯಲ್ಲಿ ಸ್ಟೀಲ್ ಲೋಟ, ಬೆಲ್ಲದ ಕಾಫಿ.

ಬೇಕು ರೈಟರೇ. ಕೊಕ್ಕೆಗೆ ಚೀಲ ಸಿಕ್ಕಿಸುವ ಮೊದಲು
ಮುಳ್ಳು ಸೊನ್ನೆಯಲ್ಲಿದೆಯಾ ಅಂತ ನೀವು
ಬಗ್ಗಿ ನೋಡುವುದಿಲ್ಲವೇ, ಹಾಗೆ.

ಆಮೇಲೆ ಮೂರು ಸಾಲು ಸೇರಿಸಿದೆ, ಸುಳ್ಳು ಹೆಸರು:
ಅ, ಆ, ಇ. ಮೂವತ್ತು ಕಿಲೋ, ನಲವತ್ತು, ಐವತ್ತು.
ಹೆಸರಿನ ಮನೆಯನ್ನು ಯಾರೂ ತಿದ್ದಬಾರದು, ಸರಿ.
ತೂಕ ತಿದ್ದಿದರೆ ಪರದೆಗೆ ಸುದ್ದಿ ಹೋಗಬೇಕು,
ಒಂದೇ ಸಲ. ಹೋಯಿತು.
ಇಲ್ಲದ ನಾಲ್ಕನೇ ಸಾಲು ಕೇಳಿದರೆ
ಕಿರುಚಬೇಕು. ಕಿರುಚಿತು. ಹಸಿರು, ಹಸಿರು.
ಕಿಟಕಿಯಾಚೆ ಸಿದ್ದಾಪುರದ ಬಿಸಿಲು, ಕಣದ ತುಂಬ ರೊಬಸ್ಟಾ,
ಯಾರೋ ಕಾಲಲ್ಲಿ ಗೆರೆ ಎಳೆಯುತ್ತ ತಿರುವುತ್ತಿದ್ದರು.

ಬೊಳ್ಳಿ ಬಂದಳು. ಒಳಗಲ್ಲ, ಮೆಟ್ಟಿಲವರೆಗೆ.
ಕಳೆದ ವಾರದ ಚೀಟಿ, ನಾಲ್ಕು ಮಡಿಕೆ.
"ಮಂಗಳವಾರ ಸೊನ್ನೆ ಅಂತ ಬಂದುಂಟಂತೆ.
ನಾ ಬಂದೂ ಏನೂ ಕುಯ್ಯಲಿಲ್ಲ ಅಂತ ಆಗ್ತದಲ್ಲ?
ಅವತ್ತು ಗೇಟೇ ತೆಗೀಲಿಲ್ಲ ನಮಗೆ."

ರೈಟರು ಹಳೇ ರಿಜಿಸ್ಟರ್ ತೆಗೆದರು.
ಮಂಗಳವಾರದ ಉದ್ದಕ್ಕೂ ಕೆಂಪು ಪೆನ್ಸಿಲ್ಲಿನ ಗೆರೆ,
ಪಕ್ಕದಲ್ಲಿ ಎರಡೇ ಅಕ್ಷರ: ಆನೆ.
ಮರಿ ಸೇರಿ ಐದು, ಕೆರೆಯ ಬದಿಯಲ್ಲಿ, ಸಂಜೆವರೆಗೆ.

ಏನೂ ಬರೆಯದ ಮನೆಗೆ
ನನ್ನ ಟೇಬಲ್ ತಾನಾಗಿ ಸೊನ್ನೆ ತುಂಬುತ್ತದೆ;
ಚೊಕ್ಕಟವಾಗಿ ಕಾಣಲಿ ಅಂತ ನಾನೇ ಬರೆದದ್ದು.
ಇಪ್ಪತ್ತು ಕಿಲೋಗೆ ಕಡಿಮೆಯಾದರೆ ಅರ್ಧ ಸಂಬಳ:
ಆ ಲೆಕ್ಕ ಸೊನ್ನೆಯನ್ನು ನೋಡಿತು, ಆನೆಯನ್ನಲ್ಲ.
ಅ, ಆ, ಇ ಮೂವರೂ ದಿನಾ ತಪ್ಪದೆ ಕುಯ್ದವರು.
ಅವರ ತೋಟಕ್ಕೆ ಏನೂ ನುಗ್ಗಿರಲಿಲ್ಲ.

ಹೊಸ ಪರೀಕ್ಷೆ ಬರೆದೆ. ಎಂಟನೇ ಸಾಲು ಬೊಳ್ಳಿ,
ಮೂರನೇ ಕಾಲಂ ಮಂಗಳವಾರ,
ಯಂತ್ರಕ್ಕೆ ಏಳು, ಎರಡು; ಅದು ಎಣಿಸುವುದೇ ಸೊನ್ನೆಯಿಂದ.
ಬೇಕಾದದ್ದು: ಖಾಲಿ. ಸಿಕ್ಕಿದ್ದು: ಸೊನ್ನೆ.
ಕೆಂಪು. ರೈಟರ ಪೆನ್ಸಿಲ್ಲಿನದೇ ಕೆಂಪು.

ಆ ಒಂದು ಸಾಲು ಅಳಿಸಿದೆ.
ಕರೆಂಟು ಹೋಗಿ ಬಂತು. ಮತ್ತೆ ಓಡಿಸಿದೆ.

ಪರೀಕ್ಷೆಗೊಂದು ಹೆಸರಿಡಬೇಕಲ್ಲ, ಉದ್ದವಾದರೂ ಇರಲಿ:
ಆನೆ_ಬಂದ_ದಿನ_ಸೊನ್ನೆ_ಅಲ್ಲ.

ಸರಿಯಾಯಿತು ಬೊಳ್ಳಿ, ಈಗ ಅಲ್ಲಿ ಖಾಲಿ ಇದೆ, ಅಂದೆ.
ಚೀಟಿ ಮತ್ತೆ ಮಡಚುತ್ತ ಕೇಳಿದಳು:
"ಖಾಲಿ ಅಂದ್ರೆ ಎಷ್ಟು ರೂಪಾಯಿ?"

ರೈಟರು ಲೋಟ ಕೆಳಗಿಟ್ಟು
ಮ್ಯಾನೇಜರಿಗೆ ಫೋನು ಹಚ್ಚಿದರು.