ಮಟ್ಟ ನೋಡುವವಳು

ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ
ಮೆಟ್ಟಿಲಿಳಿದು ಅಳತೆಕಂಬ ಓದುವುದು ನನ್ನ ಕೆಲಸ.
ಹೊಳೆ ಇವತ್ತು ಎಷ್ಟಿದೆ ಎಂದು
ಕೆಂಪು ಬೈಂಡಿನ ಪುಸ್ತಕದಲ್ಲಿ ಬರೆದು
ಆಫೀಸಿಗೆ ಫೋನು ಮಾಡಿ ಹೇಳುವುದು.
ಏಳು ವರ್ಷ. ದಿನಗೂಲಿ.
ಇಷ್ಟು ದಿನದಲ್ಲಿ ತುಂಗೆ ಒಮ್ಮೆಯೂ
ತಿರುಗಿ ನನ್ನನ್ನು ಅಳೆದದ್ದಿಲ್ಲ.

ಮೊನ್ನೆ ದುರ್ಗಿಗುಡಿಯ ಸ್ಕ್ಯಾನಿಂಗ್ ಸೆಂಟರಿನಲ್ಲಿ
ಹೊಟ್ಟೆಗೆ ತಣ್ಣನೆ ಜೆಲ್ ಸುರಿದು
ಡಾಕ್ಟರ್ ಶಾಹೀನಾ ಪರದೆಯ ಬೂದುನೀರಿನಲ್ಲಿ
ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಗೆರೆ ಎಳೆದರು.
ಅಳಿಸಿದರು. ಮತ್ತೆ ಎಳೆದರು.
ಅಷ್ಟೊತ್ತು ಮಾವಿನಕಾಯಿ ರೇಟು ಮಾತಾಡುತ್ತಿದ್ದವರು
ಮಾತು ನಿಲ್ಲಿಸಿದರು.

ಆ ಮೌನದ ಪರಿಚಯ ನನಗಿದೆ.
ಸರಿಯಾಗಿ ಓದಿದೆನೋ ಇಲ್ಲವೋ ಅಂತ
ಕಂಬದೆದುರು ಬಗ್ಗಿ ಇನ್ನೊಮ್ಮೆ ನೋಡುವಾಗ
ನಾನೂ ಹೀಗೇ ಉಸಿರು ಹಿಡಿಯುತ್ತೇನೆ.

"ಹೊಟ್ಟೆ ಸುತ್ತಳತೆ ಹಿಂದಿದೆ.
ತೊಡೆಮೂಳೆ ಎರಡು ವಾರ ಹಿಂದಿದೆ.
ನೀರೂ ಕಮ್ಮಿ, ಏಳು."
ಏಳು ಏನು, ಕೇಳಿದೆ.
"ಸೆಂಟಿಮೀಟರ್."

ಏಳು ಸೆಂಟಿಮೀಟರ್!
ನನ್ನ ಕಂಬದಲ್ಲಿ ಅದು
ತೆಪ್ಪ ದಾಟಿ ಹೋದ ಮೇಲೆ ದಡಕ್ಕೆ ಬಂದು ಬಡಿಯುವ ಅಲೆ,
ಪುಸ್ತಕಕ್ಕೆ ಏರಿಸಲೋ ಬಿಡಲೋ ಎನ್ನುವಷ್ಟು.

ಬಸ್ಸಿನಲ್ಲಿ ಲೋಹಿತ ಫೈಲು ಬಿಚ್ಚಿ ಲೆಕ್ಕ ಹಾಕಿದ:
ನೂರು ಮಕ್ಕಳನ್ನು ಗಿಡ್ಡದಿಂದ ಉದ್ದಕ್ಕೆ ನಿಲ್ಲಿಸಿದರೆ
ನಮ್ಮದು ಆರನೆಯದು.
"ಶಾಲೆ ಪ್ರಾರ್ಥನೇಲಿ ನಾನು ಎರಡನೆಯವ್ನು ಮಾರಾಯ್ತಿ,
ನನ್ನ ಮುಂದೆ ನಿಂತ್ಕೊಳ್ತಿದ್ದ ಸಿಲ್ವೆಸ್ಟರ್
ಈಗ ಹದಿನಾರು ಚಕ್ರದ ಲಾರಿ ಓಡಿಸ್ತಾನೆ."
ನಕ್ಕೆ. ನಗು ಸಕ್ರೆಬೈಲಿನವರೆಗೆ ಜೊತೆಗೆ ಬಂತು,
ಅಲ್ಲಿ ಇಳಿದುಹೋಯಿತು.

ಅತ್ತೆ ಗುತ್ಯಮ್ಮ ಕೈ ತೊಳೆದು ಬಂದು
ಹೊಟ್ಟೆಯ ಮೇಲೆ ಗೇಣು ಇಟ್ಟರು.
ಒಂದು ಗೇಣು, ಆಮೇಲೆ ನಾಲ್ಕು ಬೆರಳು, ಇನ್ನೊಂದು ಬೆರಳು.
ಎಷ್ಟು ಎಂದು ಯಾರಿಗೂ ಹೇಳಲಿಲ್ಲ.
ಸಂಜೆ ಮಾತ್ರ, ಕೇಳದೆಯೇ,
ನನ್ನ ತಟ್ಟೆಗೆ ಎರಡನೇ ಮೊಟ್ಟೆ ಬಿತ್ತು.

ಆ ಮೆಟ್ಟಿಲುಗಳೇನಾ?
ಐದನೇ ತಿಂಗಳ ಜ್ವರವಾ?
ಬೇಡ ಅಂದರೂ ಕುಡಿದ ಕಾಫಿಯಾ?
ಕೊನೆಗೆ ಫೋನನ್ನು ಅಕ್ಕಿ ಡಬ್ಬಿಯೊಳಗೆ ಇಟ್ಟು
ಮುಚ್ಚಳ ಒತ್ತಿದೆ.

ಕಂಬ ಓದಲು ಕಲಿಸಿದ ಸೇಸಪ್ಪ ಹೇಳುತ್ತಿದ್ದ:
"ಒಂದು ಓದು ನೋಡಿ ಹೆದರಬೇಡ ತಂಗಿ,
ಮೂರು ಓದು ಸೇರಿದ್ರೆ ಹೊಳೆ ಎತ್ತ ಹೊಂಟಿದೆ ಅಂತ ತಿಳೀತದೆ."
ಡಾಕ್ಟರೂ ಹೆಚ್ಚುಕಮ್ಮಿ ಅದನ್ನೇ ಅಂದರು,
ಸೋಮವಾರ ಮೆಗ್ಗಾನಿನಲ್ಲಿ ಇನ್ನೊಂದು ಸ್ಕ್ಯಾನ್,
ಹೊಕ್ಕುಳಬಳ್ಳಿಯಲ್ಲಿ ರಕ್ತ ಹರಿಯುವುದನ್ನು ಕೇಳಿ ನೋಡುವುದು.
ಆದರೆ ಇದೇ ಸೇಸಪ್ಪ, ಬೀಡಿ ಆರಿಸುತ್ತಾ,
ಒಂದೇ ಓದಿಗೆ ಬಂದುಬಿಟ್ಟ ನೆರೆಯ ಕಥೆಯನ್ನೂ ಹೇಳಿದ್ದ.
ಎರಡರಲ್ಲಿ ಯಾವುದನ್ನು ದಿಂಬಿನಡಿ ಇಟ್ಟುಕೊಂಡು ಮಲಗಲಿ?

ಎಡಮಗ್ಗುಲಾಗಿ ಮಲಗಿದೆ.
ಕೆಂಪು ಪುಸ್ತಕದ ಹಿಂದಿನ ಹಾಳೆಯಲ್ಲಿ
ಒದೆತಕ್ಕೊಂದು ಗೆರೆ.
ಎರಡೂ ನಲವತ್ತಕ್ಕೆ ಹಾಳೆ ಖಾಲಿ.
ಎದ್ದು ಹೂಜಿಯ ತಣ್ಣೀರು ಕುಡಿದೆ,
ಕತ್ತಲಲ್ಲಿ ಕೂತೆ, ಹೊಟ್ಟೆಗೆ ಅಂಗೈ ಕೊಟ್ಟು.
ಮೂರು ಹತ್ತಕ್ಕೆ
ಪಕ್ಕೆಲುಬಿನ ಕೆಳಗೆ ಒಂದು ಮೊಣಕೈ,
ನಿದ್ದೆ ಕೆಡಿಸಿದ್ದಕ್ಕೆ ಸಿಟ್ಟಾದ ಹಾಗೆ.
ಸಿಟ್ಟಾಗು ನನ್ನ ಕಂದ.
ಇನ್ನೂ ಸಿಟ್ಟಾಗು.

ಆರು ಗಂಟೆಗೆ ಲೋಹಿತ ತೋಳು ಹಿಡಿದು ಮೆಟ್ಟಿಲಿಳಿಸಿದ.
ಹೊಳೆ ಬೇಸಿಗೆಯ ಹೊಳೆ,
ನಿನ್ನೆ ಮುಳುಗಿದ್ದ ಕಲ್ಲೊಂದು ಬೆನ್ನು ತೋರಿಸುತ್ತಿತ್ತು.
ಇದ್ದ ಮಟ್ಟವನ್ನು ಇದ್ದ ಹಾಗೇ ಬರೆದೆ.

ಪಕ್ಕದಲ್ಲಿ 'ಷರಾ' ಎಂಬ ಕಲಂ ಇದೆ,
ಏಳು ವರ್ಷದಲ್ಲಿ ಒಂದಕ್ಷರವೂ ಬಿದ್ದಿಲ್ಲ ಅದರಲ್ಲಿ.
ಬರೆದೆ: ಒದೆಯಿತು, ನಾಲ್ಕು ಸಲ.

ಆಫೀಸಿನವರು ಕೇಳಿದರೆ
ಹೊಳೆಯ ವಿಷಯ ಅನ್ನುತ್ತೇನೆ.