ನಾಲಿಗೆ ಎತ್ತು

ಸ್ಟರ್ಲಿಂಗ್ ಜೈಲು, ಬೆಳಗಿನ ಎಂಟು.
ಬೆರಳುದ್ದದ ಲೋಟದಲ್ಲಿ ಹಸಿರು ಮೆಥಡೋನ್.
ಕುಡಿ. ಬಾಯಿ ತೆರೆ. ನಾಲಿಗೆ ಎತ್ತು.
ಮೋರಾಗ್ ಎತ್ತುತ್ತಾಳೆ. ಅಡಿಯಲ್ಲಿ ಏನಿಲ್ಲ,
ಒಂದು ಹುಣ್ಣು ಬಿಟ್ಟರೆ.

ಗೋಡೆಯೊಳಗಿಂದ ಅಕ್ಕ ಕರೀತಾಳೆ ಅಂದಳು ಮನೋವೈದ್ಯರಿಗೆ.
ಮೊದಲು ಚಟ ಬಿಡಲಿ, ಆಮೇಲೆ ನೋಡೋಣ.
ಚಟ ಬಿಡಿಸುವವರು: ಮೊದಲು ಆ ದನಿ ನಿಲ್ಲಲಿ.
ಬೀಜ ಮೊದಲೋ ಮರ ಮೊದಲೋ,
ಎರಡು ಬಾಗಿಲ ನಡುವಿನ ಬೆಂಚಿನ ಮೇಲೆ
ಹನ್ನೊಂದು ವಾರ.

ನಾನು ಕೀಲಿಗೊಂಚಲಿನವಳು. ಒಂದು ರಾತ್ರಿ
ಬಾಗಿಲ ಕಿಂಡಿಗೆ ತುಟಿಯಿಟ್ಟು ಹೇಳಿದ್ದಳು:
ಹದಿಮೂರು ವಯಸ್ಸು, ಮೆಟ್ಟಿಲ ಮೇಲೆ ಮಲತಂದೆಯ ಬೂಟು,
ಅಕ್ಕ ಅಂಗೈಗಿಟ್ಟ ಮಾತ್ರೆ.
'ನುಂಗು, ಏನೂ ಕೇಳಿಸಲ್ಲ.'

ಅಕ್ಕ ಈಗಿಲ್ಲ.
ಕೇಳಿಸುವುದು ಅವಳೊಬ್ಬಳೇ.

ನಮೂನೆಯಲ್ಲಿ ಇದಕ್ಕೆ ಚೌಕವಿಲ್ಲ.
ಖಾಲಿ ಲೋಟ ಬುಟ್ಟಿಗೆ.
ಮುಂದಿನವಳು.