ಉಂಡ ಮನೆಯ ಜಂತೆ

ನಾಗಾವೊಕಾದಲ್ಲಿ ಹಿಮ ಕರಗಿಸಲು
ರಸ್ತೆಯ ನಡುವೆ ಸಾಲಾಗಿ ನಲ್ಲಿಗಳಿವೆ.
ನೆಲದಡಿಯ ನೀರು ಚಿಮ್ಮಿ ಚಿಮ್ಮಿ
ಡಾಂಬರಿಗೆ ತುಕ್ಕಿನ ಬಣ್ಣ ಹಿಡಿದಿದೆ.
ಆ ಕೆಂಪಿನ ಮೇಲೆ ನಡೆದು ಚಿಜುರು
ಮೂವತ್ತೊಂದು ವರ್ಷ ಅಚ್ಚುಕೂಟಕ್ಕೆ ಹೋದಳು,
ರೈಲು ವೇಳಾಪಟ್ಟಿಯ ಕರಡು ತಿದ್ದಲು.
೬.೪೧ರ ಒಂದು, ಏಳಾಗಿ ಅಚ್ಚಾದರೆ
ಯಾರಿಗೋ ರೈಲು ತಪ್ಪುತ್ತದೆ, ಅನ್ನುತ್ತಿದ್ದಳು,
ಯಾರಿಗೆ ಅಂತ ನನಗೆ ಗೊತ್ತಾಗುವುದಿಲ್ಲ, ಅದೇ ಕಷ್ಟ.

ಹೋದ ಚಳಿಗಾಲ ಸೋಯಾ ರಸದ ಶೀಸೆ ತೋರಿಸಿ
"ಛತ್ರಿ ಕೊಡಿ" ಅಂದಳು.
ನಾನು ನಕ್ಕೆ. ಅವಳು ನಗಲಿಲ್ಲ.
ಮರುದಿನ ಚಮಚವೂ ಛತ್ರಿಯಾಯಿತು.
ವಾರ ತುಂಬುವುದರೊಳಗೆ ನಾನೂ.

ಟೋಕಿಯೊದಲ್ಲಿ ಡಾಕ್ಟರ್ ಇನಗಾಕಿ
ಚಿತ್ರವನ್ನು ಬೆಳಕಿಗೆ ಹಿಡಿದರು:
ಎಡಗಿವಿಯ ಮೇಲ್ಗಡೆ, ಒಳಗೆ,
ಒಂದೇ ಪದವನ್ನು ಅಚ್ಚುಹಾಕುತ್ತ ಹಾಕುತ್ತ
ನಿಲ್ಲುವುದನ್ನೇ ಮರೆತ ಯಂತ್ರ.
ಕೊಯ್ದದ್ದಾಯಿತು, ಸುಟ್ಟದ್ದಾಯಿತು. ಮತ್ತೆ ಬಂತು.
ಆಮೇಲೆ ಅವರು ವೈರಸ್ಸಿನ ಮಾತೆತ್ತಿದರು.

ಯಾವುದು ಅಂತ ಕೇಳಿದೆ.
ಅವರು ನನ್ನ ತುಟಿಯ ಒಣಗಿದ ಚಕ್ಕೆ ನೋಡಿದರು.

ಶೀತವಾದಾಗೆಲ್ಲ ನನ್ನ ಕೆಳತುಟಿಯ ಮೂಲೆಗೆ
ಗುಳ್ಳೆಗಳ ಗೊಂಚಲು ಏಳುತ್ತದೆ, ಮದುವೆಗೂ ಮೊದಲಿನಿಂದ.
ಆ ದಿನಗಳಲ್ಲಿ ಅವಳ ಬಟ್ಟಲು ಮುಟ್ಟುತ್ತಿರಲಿಲ್ಲ,
ಹಾಸಿಗೆಯನ್ನು ಒಂದು ಮಾರು ಆಚೆ ಎಳೆಯುತ್ತಿದ್ದೆ,
ಮುತ್ತಿಗೆ ರಜೆ.
ಲೆಕ್ಕ ಹಾಕಿದರೆ ನಮ್ಮ ದಾಂಪತ್ಯದಲ್ಲಿ
ಎರಡು ವರ್ಷ ಅದರ ಪಾಲು.
"ಅದೇ," ಅಂದರು ಡಾಕ್ಟರ್. "ಅದೇ ವಂಶ.
ಮೂರು ಕಡೆ ತಿದ್ದಿದ್ದೇವೆ.
ನೆಟ್ಟಗಿರುವ ಕೋಶದಲ್ಲಿ ಅದರ ಬೇಳೆ ಬೇಯುವುದಿಲ್ಲ.
ಕೆಟ್ಟದ್ದರಲ್ಲಿ ಬೇಯುತ್ತದೆ."

ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ.
ಇದು ಎಣಿಸುತ್ತದೆ. ಎಣಿಸಿ, ಎಳೆಯುತ್ತದೆ.
ಸೂರು ಕುಸಿದ ಮೇಲೆ ಧೂಳು ಕೊಡವಿಕೊಂಡು
ಸಾವಿರವಾಗಿ ಎದ್ದು ಪಕ್ಕದ ಮನೆಯ ಕದ ತಟ್ಟುತ್ತದೆ.
ಸದ್ದಿಗೆ ಪೊಲೀಸರೂ ಓಡಿ ಬರುತ್ತಾರಂತೆ,
ಇಷ್ಟು ದಿನ ಅದೇ ಬೀದಿಯಲ್ಲಿ ಗಸ್ತು ತಿರುಗಿಯೂ
ಕಳ್ಳನಿಗೆ ನಮಸ್ಕಾರ ಹೇಳಿ ಹೋಗುತ್ತಿದ್ದ
ನಮ್ಮದೇ ರಕ್ತದ ಪೊಲೀಸರು.

ಒಪ್ಪಿಗೆ ಪತ್ರವನ್ನು ಚಿಜುರು ಓದಲಾರಳು.
ಆದರೂ ಬೆರಳಿಟ್ಟು ಸಾಲು ಸಾಲಾಗಿ ಇಳಿದು
ನಾಲ್ಕನೆಯ ಪುಟದಲ್ಲಿ ನಿಂತಳು:
ಅಲ್ಲಿ ಪೂರ್ಣವಿರಾಮ ಎರಡು ಸಲ ಬಿದ್ದಿತ್ತು.
ಕೈಸನ್ನೆಯಲ್ಲಿ ಪೆನ್ನು ಕೇಳಿ ಒಂದನ್ನು ಹೊಡೆದುಹಾಕಿದಳು.
ಆಮೇಲೆ ರುಜು.

ತಲೆಬುರುಡೆಗೆ ನಾಣ್ಯದಷ್ಟೂ ಇಲ್ಲದ ತೂತು.
ಸೂಜಿ. ಹನಿಗಳ ಲೆಕ್ಕದ ಮದ್ದು.
ಅದೇ ಸಂಜೆ, ಕಾಯುವ ಕೋಣೆಯ ತಣ್ಣನೆ ಗಾಳಿಗೋ ಭಯಕ್ಕೋ,
ನನ್ನ ತುಟಿಯೂ ಒಡೆಯಿತು.
ನರ್ಸ್ ಮಿನೋರಿ ಬಾಗಿಲಲ್ಲೇ ತಡೆದಳು:
"ಕುವಾಬಾರಾ ಅವರೇ, ಅವರ ಒಳಗಿರುವುದು ಪಳಗಿದ್ದು.
ನಿಮ್ಮದು ಕಾಡಿನದು."
ಎರಡು ಪದರ ಮುಖಗವಸು ಕಟ್ಟಿಸಿ
ಕುರ್ಚಿಯನ್ನು ಒಂದು ಮಾರು ಆಚೆ ಹಾಕಿದಳು.
ನಮಗೆ ಅಭ್ಯಾಸವಿದ್ದ ದೂರ.

ರಾತ್ರಿ ಜ್ವರ ಮೂವತ್ತೊಂಬತ್ತು ದಾಟಿತು.
ಬರಬೇಕಾದದ್ದೇ, ಅಂದರು.
ಬರಬೇಕಾದ ಜ್ವರವನ್ನು ನಾನು ಅದುವರೆಗೆ ಕಂಡಿರಲಿಲ್ಲ;
ಸಮಯಕ್ಕೆ ಬಂದ ರೈಲಿನ ಹಾಗೆ
ಅವಳ ಮೈಯಲ್ಲಿ ನಿಂತು ಬುಸುಗುಡುತ್ತಿತ್ತು.
ಒಳಗೆ ಯಾರೋ ಇಳಿಯುತ್ತಿದ್ದರು, ಯಾರೋ ಹತ್ತುತ್ತಿದ್ದರು.
ವೇದಿಕೆಯಲ್ಲಿ ನಾನೊಬ್ಬ, ಟಿಕೆಟ್ಟಿಲ್ಲದೆ.

ಈಗ ನಾಲ್ಕನೆಯ ಸೂಜಿ ಮುಗಿದಿದೆ.
ಚಿತ್ರದಲ್ಲಿ ಗಡ್ಡೆ ಮೊದಲು ಊದಿತು, ನನ್ನ ಎದೆ ಧಸಕ್ಕೆಂದಿತು;
ಬರಬರುತ್ತ ನಡುವೆ ಟೊಳ್ಳಾಯಿತು.
ಡಾಕ್ಟರ್ ಇನಗಾಕಿ ಗೆದ್ದೆವು ಅನ್ನುವುದಿಲ್ಲ,
ಇನ್ನೊಂದು ಚಳಿಗಾಲ ಅನ್ನುತ್ತಾರೆ, ಅದೂ ಮೆಲ್ಲಗೆ.

ಇವತ್ತು ಬೆಳಿಗ್ಗೆ ನಲ್ಲಿಗಳು ಚಿಮ್ಮತೊಡಗಿದವು.
ಕಿಟಕಿಯ ಬಳಿ ನಿಂತು ಚಿಜುರು ಕೆಂಪು ರಸ್ತೆ ತೋರಿಸಿ
ಪದವೊಂದಕ್ಕೆ ಬಹಳ ಹೊತ್ತು ತಡಕಾಡಿದಳು.
"ಛತ್ರಿ," ಅಂದಳು ಕೊನೆಗೆ.
ಹೊರಗೆ ಹಿಮ ಬೀಳುತ್ತಿತ್ತು; ಹಾಗಾಗಿ
ಸರಿಯೋ ತಪ್ಪೋ ನನಗೆ ಹೇಳಲಾಗಲಿಲ್ಲ.
ತಂದುಕೊಟ್ಟೆ.
ಮನೆಯೊಳಗೇ ಬಿಚ್ಚಿ, ತಲೆಯ ಮೇಲೆ ಹಿಡಿದು
ಕಡ್ಡಿ ಕಡ್ಡಿಯಾಗಿ ಎಣಿಸಿದಳು.
ಎಂಟು.
ಎಂಟೂ ಇದ್ದವು.